ಹೊರಗ ಮಳಿ, ಪೆಟ್ಟಿಗಿಯೊಳಗ ಬೆಂಕಿ!

ತಂಬೂರ: 2025ರ ಜುಲೈ ಕೊನೆಯ ವಾರ. ಹೊರಗೆ ಜಿಟಿಜಿಟಿ ಮಳೆ. ಕಲಘಟಗಿ ತಾಲೂಕಿನ ಈ ಊರಿನ ಝರಾಕ್ಸ್ ಅಂಗಡಿಯೊಂದರ ಮುಂದೆ ಬೆಳೆವಿಮೆ ತುಂಬಲು ಬಂದ ರೈತರ ಪಾಳಿ. ಕೈಯಲ್ಲಿ ಉತಾರ, ಆಧಾರ, ಪಾಸ್‌ಬುಕ್ಕು. ಒಬ್ಬ ಹಿರಿಯರ ಅರ್ಜಿ ಅರ್ಧ ಆಗಿತ್ತು, ಟಪ್ಪನೆ ಕಂಪ್ಯೂಟರ್ ಬಂದ್!

ಕರೆಂಟು ಇತ್ತು, ತಲೆಯ ಮೇಲಿನ ಫ್ಯಾನು ತಿರುಗುತ್ತಲೇ ಇತ್ತು. ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಮತ್ತದೇ ಹಾಡು.

"ಹಿಂಗಾದ್ರ ನಮ್ಮ ಪಾಳಿ ಯಾವಾಗ ಬರಬೇಕ್ರಿ ಸಾವಕಾರ್ರ?"

ಪೆಟ್ಟಿಗೆಯ ಮಗ್ಗಲು ಬಿಚ್ಚಿದರೆ ಒಳಗೆ ಅರಳೆ ತುಂಬಿದಂತೆ ಧೂಳು. ಇದ್ದ ಒಂದೇ ಫ್ಯಾನು ತಿರುಗಲಾರದೆ ತಿಣುಕುತ್ತಿತ್ತು. ಪ್ರೊಸೆಸರ್ ಎಂಬ ಚಿಪ್ಪು ಸುಮಾರು 100 ಡಿಗ್ರಿಯ ಆಸುಪಾಸು ಕಾದರೆ ಮೊದಲು ಕೆಲಸ ನಿಧಾನ ಮಾಡುತ್ತದೆ, ಆಮೇಲೂ ತಾಪ ಇಳಿಯದಿದ್ದರೆ ಯಂತ್ರವನ್ನೇ ಬಂದ್ ಮಾಡಿ ತನ್ನ ಜೀವ ಉಳಿಸಿಕೊಳ್ಳುತ್ತದೆ. ಅದರದೇನೂ ತಪ್ಪಿಲ್ಲ ಬಿಡಿ.

ಸಂಜೆ ಬಸ್ಸಿಗೆ ಮಗ ಹುಬ್ಬಳ್ಳಿಯಿಂದ ಇಳಿದ. ಚೀಲದಲ್ಲಿ ಮೂರು ಹೊಸ ಫ್ಯಾನು, ಅಂಗೈಯಗಲದ ಒಂದು ಕಂಟ್ರೋಲರ್ ಡಬ್ಬಿ, ಬಣ್ಣದ ಲೈಟಿನ ಪಟ್ಟಿ. ಅಪ್ಪ ಸಿಡಿದರು: "ಗಾಳಿ ಬೇಕಂದ್ರ ಲೈಟ ತಂದೀಯಲ್ಲೋ! ಇದೇನ ಮದುವಿ ಮಂಟಪನ?"

"ಸ್ವಲ್ಪ ತಡ್ಕೋ ಅಪ್ಪಾ."

ಪಿಯುಸಿಗೇ ಪುಸ್ತಕ ಮಡಚಿಟ್ಟ ಈ ವರದಿಗಾರನಿಗೂ ತಿಳಿಯುವ ಹಾಗೆ ಹುಡುಗ ಹೇಳಿದ್ದು ಹೀಗೆ. ಮದರ್‌ಬೋರ್ಡಿನ ಒಂದು ಫ್ಯಾನ್ ಪಿನ್ನಿಗೆ ಸಾಮಾನ್ಯವಾಗಿ 1 ಆಂಪಿಯರ್ ಮಾತ್ರ ತಾಳಿಕೆ. ಕವಲು ವೈರು ಹಾಕಿ ಕಂಡಷ್ಟು ಫ್ಯಾನು ಅದಕ್ಕೇ ಜೋತುಬಿಟ್ಟರೆ ಬೋರ್ಡೇ ಸುಟ್ಟೀತು. ಕಂಟ್ರೋಲರ್ ಆದರೆ 12 ವೋಲ್ಟನ್ನು ನೇರ ಎಸ್‌ಎಂಪಿಎಸ್‌ನಿಂದ ಎಳೆದುಕೊಳ್ಳುತ್ತದೆ. ಬೋರ್ಡಿನಿಂದ ಅದಕ್ಕೆ ಬೇಕಾದ್ದು ಎಷ್ಟು ಜೋರು ತಿರುಗಬೇಕೆಂಬ ಹುಕುಂ ಮಾತ್ರ. ಆ ಹುಕುಂ ಪಾಲಿಸಲು ಫ್ಯಾನಿಗೆ ನಾಲ್ಕು ಪಿನ್ ಇರಬೇಕು. ಮೂರು ಪಿನ್ನಿನದು ಹಾಕಿದರೆ ಇಂಥ ಡಬ್ಬಿಯಲ್ಲಿ ಬಹುಮಟ್ಟಿಗೆ ಸದಾ ಪೂರ್ತಿ ವೇಗದಲ್ಲೇ ಗುಂಯ್‌ಗುಡುತ್ತದೆ.

ಪ್ಲಗ್ಗು ಕಿತ್ತು, ಕಬ್ಬಿಣದ ಮೈ ಮುಟ್ಟಿ, ಬ್ರಶ್ಶಿನಿಂದ ಧೂಳು ಬಳಿದು ಕೆಲಸ ಶುರು. ಎರಡು ಫ್ಯಾನು ಮುಂದೆ ಗಾಳಿ ಎಳೆಯಲು, ಒಂದು ಹಿಂದೆ ಹೊರಹಾಕಲು. ಅಡ್ಡಪಟ್ಟಿ ಇರುವ ಮಗ್ಗಲಿನಿಂದ ಗಾಳಿ ಹೊರಬೀಳುತ್ತದೆ. ಇದನ್ನು ನೋಡದೆ ತಿರುಗುಮುರುಗು ಕೂಡಿಸಿದವರು ಬಹಳ ಮಂದಿ.

ಲೈಟಿನ ಸರದಿ ಬಂದಾಗ ಹುಡುಗ ನಾಚಿ ನಕ್ಕ. ಹಿಂದೊಮ್ಮೆ ಗೆಳೆಯನ ಮನೆಯಲ್ಲಿ ಒಂದು ಪಟ್ಟಿ ಸುಟ್ಟಿದ್ದನಂತೆ. ಬಣ್ಣದ ಲೈಟಿನಲ್ಲಿ ಎರಡು ಜಾತಿ: ಮೂರು ಪಿನ್ನಿನದು 5 ವೋಲ್ಟಿಂದು, ನಾಲ್ಕು ಪಿನ್ನಿನದು 12 ವೋಲ್ಟಿಂದು. ಅಗ್ಗದ ಪಟ್ಟಿಯ ಪ್ಲಗ್ಗು ಒತ್ತಿದರೆ ತಪ್ಪು ಜಾಗದಲ್ಲೂ ಕೂತುಬಿಡುತ್ತದೆ. 5ರದ್ದಕ್ಕೆ 12 ಹೊಕ್ಕರೆ ಕ್ಷಣದಲ್ಲಿ ಖಲಾಸ್. ಈ ಸಲ ಪಿನ್ನು ಎಣಿಸಿ, ಬೋರ್ಡಿನ ಮೇಲೆ ಬರೆದದ್ದು ಓದಿ, ಆಮೇಲೇ ಚುಚ್ಚಿದ.

ಚಾಲೂ ಮಾಡಿದ್ದೇ ತಡ, ಪೆಟ್ಟಿಗೆಯೊಳಗೆ ಹಸಿರು ಬೆಳಕು. ಪಾಳಿಯಲ್ಲಿ ನಿಂತ ಹುಡುಗರು ಹೋ ಎಂದರು, ಅಪ್ಪ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದರು. ಮಗ ಕಂಟ್ರೋಲರಿನ ಸಾಫ್ಟ್‌ವೇರ್ ತೆರೆದು ಬಣ್ಣವನ್ನು ತಾಪಕ್ಕೆ ಗಂಟುಹಾಕಿದ: ತಣ್ಣಗಿದ್ದರೆ ಹಸಿರು, 70 ಡಿಗ್ರಿ ದಾಟಿದರೆ ಹಳದಿ, 85 ದಾಟಿದರೆ ಕೆಂಪು.

"ಕೆಂಪ ಆತಂದ್ರ ಅರ್ಜಿ ಸೇವ್ ಮಾಡಿ ಕೈ ಬಿಡು ಅಪ್ಪಾ. ನಿನ್ನ ಕನ್ನಡಕಕ್ಕೂ ಕಾಣತೈತಿ."

ಅಪ್ಪ ಏನೂ ಅನ್ನಲಿಲ್ಲ. ಕುರ್ಚಿ ಎಳೆದು ಕೂತು, "ಬರ್ರಿ ಯಜಮಾನ್ರ, ನಿಮ್ಮದು ಅರ್ಧಕ್ಕ ನಿಂತಿತ್ತು" ಎಂದರು. ರಾತ್ರಿ ಎಂಟೂವರೆಗೆ ಆ ಹಿರಿಯರು ರಸೀದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಮಳೆಯಲ್ಲೇ ಮನೆಯ ಹಾದಿ ಹಿಡಿದರು. ಬೆಳಕು ಇನ್ನೂ ಹಸಿರೇ ಇತ್ತು.