ಜೇಡದ ಸ್ವಭಾವವೂ ಸಾಕುವವರ ಸಂಯಮವೂ

ಪ್ರಾಣಿಗಳನ್ನು ಸಾಕುವ ಮನುಷ್ಯನ ಅಭಿರುಚಿಗೆ ಎಲ್ಲೆಯೇ ಇದ್ದಂತಿಲ್ಲ. ನಾಯಿ ಕಾವಲಿಗೆ, ಬೆಕ್ಕು ಇಲಿಯ ಕಾಟಕ್ಕೆ, ಗಿಳಿ ಮಾತಿನ ಸೊಗಸಿಗೆ ಎಂದು ಒಂದೊಂದಕ್ಕೂ ಕಾರಣ ಹೇಳಬಹುದು. ಆದರೆ ಅಂಗೈಯಗಲದ, ಮೈತುಂಬ ರೋಮವುಳ್ಳ ಟರಾಂಟುಲ ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ವರುಷಗಟ್ಟಲೆ ಸಾಕುವವರಿಗೆ ಯಾವ ಕಾರಣ ಹೇಳೋಣ? ಇಂಗ್ಲೆಂಡ್, ಜರ್ಮನಿ, ಅಮೆರಿಕ ದೇಶಗಳಲ್ಲಿ ಇಂಥವರು ಅನೇಕರಿದ್ದಾರೆ. ಅವರಲ್ಲಿ ಹೊಸಬರು ಕೇಳುವ ಮೊದಲ ಪ್ರಶ್ನೆ, ‘ಯಾವುದು ಸಾಧು?’ ಎಂಬುದು. ಪ್ರಶ್ನೆ ಸಣ್ಣದು, ಉತ್ತರ ಹುಡುಕಹೊರಟರೆ ಜೇಡದ ಗುಣದೊಡನೆ ನಮ್ಮ ಗುಣವನ್ನೂ ಪರೀಕ್ಷಿಸಬೇಕಾಗುತ್ತದೆ.

ಹೆಸರಿನಿಂದಲೇ ಆರಂಭಿಸೋಣ. ಇಟಲಿಯ ದಕ್ಷಿಣದಲ್ಲಿ ತಾರಾಂತೋ ಎಂಬ ಊರಿದೆ. ಅಲ್ಲಿನ ಒಂದು ಜೇಡ ಕಚ್ಚಿದರೆ ಹುಚ್ಚೆದ್ದು ಕುಣಿಯಬೇಕು, ಕುಣಿದರೇ ವಿಷವಿಳಿಯುವುದು ಎಂಬ ನಂಬಿಕೆ ಆ ಸೀಮೆಯಲ್ಲಿ ಶತಮಾನಗಳ ಕಾಲ ಬಾಳಿತು. ಆ ಜೇಡ ಬೇರೊಂದು ಕುಲದ್ದು. ಅಮೆರಿಕ ಖಂಡಕ್ಕೆ ಹೋದ ಯುರೋಪಿಯನ್ನರು ಅಲ್ಲಿ ಕಂಡ ದೊಡ್ಡ ಜೇಡಗಳಿಗೂ ಅದೇ ಹೆಸರನ್ನಿಟ್ಟರು. ಹೀಗೆ ಟರಾಂಟುಲಕ್ಕೆ ಹೆಸರೂ ಎರವಲು, ಅಪಕೀರ್ತಿಯೂ ಎರವಲು. ಸಾವಿರಕ್ಕೂ ಮಿಕ್ಕ ಜಾತಿಗಳುಳ್ಳ ಈ ಕುಲದ ಕಡಿತದಿಂದ ಮನುಷ್ಯ ಸತ್ತನೆಂಬುದಕ್ಕೆ ಖಚಿತವಾದ ದಾಖಲೆಯಿಲ್ಲ.

ಹಾಗೆಂದು ಎಲ್ಲವೂ ಒಂದೇ ಸಮನಲ್ಲ. ಬಲ್ಲವರು ಇವನ್ನು ಎರಡು ಪಂಗಡ ಮಾಡುತ್ತಾರೆ: ಅಮೆರಿಕ ಖಂಡಗಳವು ಒಂದು, ಏಷ್ಯ ಆಫ್ರಿಕಗಳವು ಇನ್ನೊಂದು. ಮೊದಲನೆಯ ಪಂಗಡದ ಬಹುಪಾಲು ಜೇಡಗಳ ಮೈಮೇಲೆ ನವೆಯುಂಟುಮಾಡುವ ಸೂಕ್ಷ್ಮ ರೋಮಗಳಿವೆ. ಕೆರಳಿದಾಗ ಅವುಗಳಲ್ಲಿ ಅನೇಕವು ಹಿಂಗಾಲಿನಿಂದ ಈ ರೋಮಗಳನ್ನು ಕೊಡವಿ ಗಾಳಿಗೆ ತೂರುತ್ತವೆ. ಎರಡನೆಯ ಪಂಗಡಕ್ಕೆ ಈ ಅಸ್ತ್ರವಿಲ್ಲ. ಅವು ಮಿಂಚಿನಂತೆ ಓಡುತ್ತವೆ, ಇಲ್ಲವೆ ಕಚ್ಚುತ್ತವೆ. ಮೈಸೂರಿನ ಹೆಸರನ್ನು ಹೊತ್ತ, ನಮ್ಮ ಕಾಡುಗಳ ಮರದ ಪೊಟರೆಗಳಲ್ಲಿ ವಾಸಿಸುವ ಪೊಯಿಸಿಲೊಥೀರಿಯ ಸ್ಟ್ರಯೇಟ ಈ ಪಂಗಡಕ್ಕೆ ಸೇರಿದ್ದು. ಇದರ ಕುಲದವು ಕಚ್ಚಿದಾಗ ಸ್ನಾಯುಸೆಳೆತ ದಿನಗಟ್ಟಲೆ ಕಾಡಿದ್ದುಂಟು. ಹೊಸಬರಿಗೆ ಇದು ತಕ್ಕುದಲ್ಲ.

ಅಂಥವರಿಗೆ ಅನುಭವಿಗಳು ಸೂಚಿಸುವುದು ಮೆಕ್ಸಿಕೊದ ಕೆಂಪು ಮಂಡಿಯ ಜೇಡ, ಚಿಲಿಯ ಗುಲಾಬಿ ಜೇಡ, ಮಧ್ಯ ಅಮೆರಿಕದ ಗುಂಗುರು ರೋಮದ ಜೇಡ, ಈ ಮೂರನ್ನು. ಮೂರೂ ನೆಲವಾಸಿಗಳು, ನಿಧಾನಿಗಳು. ವಾರಕ್ಕೊಂದು ಜಿರಲೆಯೋ ಮಿಡತೆಯೋ, ಒಂದು ಬಟ್ಟಲು ನೀರು, ಅಡಗಲು ಮರದ ತೊಗಟೆ, ಬಿಲ ತೋಡುವಷ್ಟು ಮಣ್ಣು. ಇಷ್ಟೇ ಅವುಗಳ ಸಂಸಾರ. ಹೆಣ್ಣು ೨೦ ವರ್ಷಕ್ಕೂ ಮೇಲೆ ಬಾಳಬಹುದು. ಗಂಡು ಪ್ರಾಯಕ್ಕೆ ಬಂದ ಕೆಲಕಾಲದಲ್ಲೇ ತೀರಿಕೊಳ್ಳುತ್ತದೆ. ಕೊಳ್ಳುವ ಮುನ್ನ ಈ ಲೆಕ್ಕವನ್ನೂ ಹಾಕಬೇಕು.

ಇನ್ನು ‘ಸಾಧು’ ಎಂಬ ಮಾತು. ಜೇಡಕ್ಕೆ ಎಂಟು ಕಣ್ಣುಗಳಿದ್ದರೂ ನೋಟ ಮಂದ. ನೆಲದ ಕಂಪನದಿಂದ, ರೋಮಗಳ ಸ್ಪರ್ಶದಿಂದ ಅದು ಲೋಕವನ್ನರಿಯುತ್ತದೆ. ಸಾಕಿದವರ ಮೇಲೆ ಅದಕ್ಕೆ ಮಮತೆಯಿಲ್ಲ, ಹಗೆಯೂ ಇಲ್ಲ. ನಾವು ಸಾಧುತನವೆಂದು ಕೊಂಡಾಡುವುದು ಅದರ ನಿಧಾನವನ್ನು. ಒಂದೇ ಜಾತಿಯ ಎರಡರಲ್ಲಿ ಒಂದು ತೆಪ್ಪಗಿದ್ದರೆ ಇನ್ನೊಂದು ಮುಂಗಾಲೆತ್ತಿ ಕೋರೆ ತೋರಬಹುದು. ಪೊರೆ ಬಿಡುವ ಕಾಲದಲ್ಲಂತೂ ಅದರ ನಡತೆಯೇ ಬೇರೆ: ಆಹಾರ ಬಿಡುತ್ತದೆ, ಬೆನ್ನಡಿಯಾಗಿ ಗಂಟೆಗಟ್ಟಲೆ ಮಲಗುತ್ತದೆ. ಅರಿಯದವರು ಸತ್ತಿತೆಂದು ಮುಟ್ಟಿದರೆ ನಿಜವಾಗಿಯೂ ಸಾಯಬಹುದು. ಆಗ ಪೆಟ್ಟಿಗೆಯಲ್ಲಿ ಉಳಿದ ಜೀವಂತ ಮಿಡತೆಯೂ ಅದಕ್ಕೆ ಶತ್ರುವೇ.

ಕೈಮೇಲೆ ಹರಿದಾಡಿಸಿ ಧೈರ್ಯ ಮೆರೆಸುವವರಿದ್ದಾರೆ. ಒಂದೆರಡು ಅಡಿ ಎತ್ತರದಿಂದ ಬಿದ್ದರೂ ಜೇಡದ ಮೆದುವಾದ ಹೊಟ್ಟೆ ಒಡೆಯಬಹುದು. ಮನುಷ್ಯನಿಗೂ ಅಪಾಯವಿಲ್ಲದಿಲ್ಲ. ಸಾಧುಗಳಲ್ಲಿ ಸಾಧುವೆನಿಸಿದ ಚಿಲಿಯ ಗುಲಾಬಿ ಜೇಡವೇ, ಪೆಟ್ಟಿಗೆ ತೊಳೆಯುತ್ತಿದ್ದ ಒಬ್ಬನ ಮುಖಕ್ಕೆ ರೋಮ ತೂರಿದ್ದನ್ನು ಬ್ರಿಟನ್ನಿನ ವೈದ್ಯರು ೨೦೧೦ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಆ ರೋಮಗಳು ಅವನ ಕಣ್ಣಿನ ಕರಿಗುಡ್ಡೆಯ ಮುಂಪೊರೆಯಲ್ಲಿ ನಾಟಿಕೊಂಡಿದ್ದವು.

ಮತ್ತೊಂದು ಮಾತುಂಟು. ಕೆಂಪು ಮಂಡಿಯ ಜೇಡದ ಚೆಲುವೇ ಅದಕ್ಕೆ ಮುಳುವಾಯಿತು. ಮೆಕ್ಸಿಕೊದ ಕಾಡಿನಿಂದ ಅದನ್ನು ಯಥೇಚ್ಛವಾಗಿ ಹಿಡಿದು ಮಾರಿದ್ದರಿಂದ ೧೯೮೫ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಪಟ್ಟಿಗೆ ಸೇರಿಸಬೇಕಾಯಿತು. ನಮ್ಮ ಪೊಯಿಸಿಲೊಥೀರಿಯ ಕುಲವೂ ೨೦೧೯ರಲ್ಲಿ ಅದೇ ಪಟ್ಟಿಗೆ ಸೇರಿತು. ಅನಂತಪುರ ಸೀಮೆಯ ಗುತ್ತಿಯ ಹೆಸರಿನಿಂದ ಪ್ರಸಿದ್ಧವಾದ, ಅದೇ ಕುಲದ ನೀಲಿ ಜೇಡ ಇಂದು ಅಳಿವಿನ ಅಂಚಿನಲ್ಲಿದೆ. ಆದ್ದರಿಂದ ಸಾಕುವವರ ಮನೆಯಲ್ಲೇ ಮರಿಯಾದುದನ್ನು, ಕಾನೂನಿನ ಕಾಗದಪತ್ರ ಸಹಿತ ಪಡೆಯುವುದು ಧರ್ಮ. ಕಾಡಿನದನ್ನು ಕಾಡಿನಲ್ಲೇ ಬಿಡುವುದು ಅದಕ್ಕಿಂತ ದೊಡ್ಡ ಧರ್ಮ.

ಹುಟ್ಟುಗುಣ ಸುಟ್ಟರೂ ಹೋಗದೆಂಬ ಗಾದೆಯನ್ನು ನಾವು ನಿಂದೆಗೆ ಬಳಸುತ್ತೇವೆ. ಜೇಡದ ವಿಷಯದಲ್ಲಿ ಅದು ಬರಿಯ ವರ್ಣನೆ. ಪಳಗಿಸಲು ಬಾರದ, ಪ್ರೀತಿಯನ್ನು ಹಿಂದಿರುಗಿಸಲು ತಿಳಿಯದ ಜೀವವೊಂದಕ್ಕೆ ನೀರಿಟ್ಟು, ಮುಟ್ಟದೆ, ದೂರ ಕುಳಿತು ನೋಡುವುದಷ್ಟೇ ಅದನ್ನು ಸಾಕುವವರ ಸುಖ. ಆ ಸುಖ ಸಾಲದೆನ್ನುವವರು ಬೆಕ್ಕನ್ನು ಸಾಕುವುದು ಲೇಸು.