ಜೋರಾಗಿ ಹೊಡೆಯುವವರೇ ಓಪನರ್ ಆಗಬೇಕೇ?

ಬೀದರ್, ಭಾಲ್ಕಿ, ಔರಾದ್‌ಗಳಲ್ಲಿ ಕ್ರಿಕೆಟ್ ತಂಡ ಕಟ್ಟುವಾಗ ಮೊದಲ ವಾದವೇ ಇದು: ಓಪನಿಂಗ್ ಯಾರು? ‘ಜೋರಾಗಿ ಹೊಡೆಯುವವನು’ ಎಂಬ ಉತ್ತರ ಅರ್ಧ ಸತ್ಯವಷ್ಟೇ.

ಹೊಸ ಲೆದರ್ ಚೆಂಡಿನ ಹೊಲಿಗೆ ಎದ್ದಿರುತ್ತದೆ, ಮೈ ನುಣುಪಾಗಿರುತ್ತದೆ. ಹಾಗಾಗಿ ಅದು ಗಾಳಿಯಲ್ಲೇ ತಿರುಗುತ್ತದೆ, ಪಿಚ್‌ಗೆ ಬಿದ್ದು ದಿಕ್ಕು ಬದಲಿಸುತ್ತದೆ. ಇಲ್ಲಿ ಬೇಕಾದದ್ದು, ಬಿಡಬೇಕಾದ ಎಸೆತವನ್ನು ಬಿಡುವ ತಾಳ್ಮೆ. 2024ರ ಪರ್ತ್ ಟೆಸ್ಟ್‌ನಲ್ಲಿ ಓಪನರ್ ಆಗಿ ಇಳಿದ ನಮ್ಮ ಕೆ.ಎಲ್. ರಾಹುಲ್, ಎರಡನೇ ಇನಿಂಗ್ಸ್‌ನಲ್ಲಿ 77 ರನ್ ಗಳಿಸಿ, ಜೈಸ್ವಾಲ್ ಜೊತೆ 201 ರನ್ ಸೇರಿಸಿದರು.

ಟೆನಿಸ್ ಚೆಂಡಿಗೆ ಎದ್ದ ಹೊಲಿಗೆ ಇಲ್ಲ, ಓವರ್‌ಗಳೂ ಕಡಿಮೆ. ಮೊದಲು ಇಳಿದವರಿಗೆ ಹೆಚ್ಚು ಎಸೆತ ಸಿಗುವ ಅವಕಾಶ. ಅಲ್ಲಿ ಒಳ್ಳೆಯ ಬ್ಯಾಟರನ್ನು ಕೊನೆಗೆ ಉಳಿಸಿಕೊಂಡರೆ ನಷ್ಟ ತಂಡಕ್ಕೇ.

ಹಾಗಾಗಿ ಓಪನರ್ ಯಾರೆಂದು ಕೇಳುವ ಮೊದಲು ಕೇಳಿ: ಚೆಂಡು ಯಾವುದು?