ಪ್ರಯಾಣದ ವೇಳೆ ಮತ್ತು ಏಕಾಂತ ಶ್ರವಣ

ಮುಂಬಯಿಯ ಲೋಕಲ್ ರೈಲುಗಳಲ್ಲಿ ತಾಳ ಹಾಕಿ ಹಾಡುವ ಭಜನಾ ಮಂಡಳಿಗಳನ್ನು ಅಲ್ಲಿನ ಕನ್ನಡಿಗರು ಬಲ್ಲರು. ಅವೇ ಬೋಗಿಗಳಲ್ಲಿ ಇಂದು ಅನೇಕರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಬ್ಬೊಬ್ಬರೇ ಕೇಳುತ್ತಿರುತ್ತಾರೆ. ಇದಕ್ಕೆ ಯಂತ್ರವೇ ಕಾರಣವೆನ್ನುವುದು ವಾಡಿಕೆ. ಯಂತ್ರದ ಚರಿತ್ರೆ ಬೇರೆಯದನ್ನೇ ಸೂಚಿಸುತ್ತದೆ. ಜಪಾನಿನ ಸೋನಿ ಸಂಸ್ಥೆಯು 1979ರ ಜುಲೈನಲ್ಲಿ ಹೊರತಂದ ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಜೋಡಿಸಲು ಎರಡು ರಂಧ್ರಗಳಿದ್ದವು. ಒಬ್ಬನೇ ಕೇಳುವುದು ಅಸೌಜನ್ಯವೆನಿಸೀತೆಂಬ ಅಳುಕು ಅಧ್ಯಕ್ಷ ಅಕಿಯೊ ಮೊರಿಟಾ ಅವರದು. ಕೇಳುತ್ತಿರುವಾಗಲೇ ಪರಸ್ಪರ ಮಾತಾಡಲೆಂದು ಹಾಡಿನ ಧ್ವನಿಯನ್ನು ತಗ್ಗಿಸುವ ಗುಂಡಿಯೊಂದೂ ಇತ್ತು. ಕೊಂಡವರಾದರೋ ಅದನ್ನು ತಮ್ಮೊಬ್ಬರದಾಗಿಯೇ ಬಳಸಿದರು. ಮುಂದಿನ ಮಾದರಿಗಳಲ್ಲಿ ಕ್ರಮೇಣ ಈ ಎರಡೂ ಸೌಕರ್ಯಗಳು ಮರೆಯಾದವು. ಏಕಾಂತವನ್ನು ಆಯ್ದುಕೊಂಡವರು ಕೇಳುಗರೇ.

ಗಮಕಿ ಓದಿ, ವ್ಯಾಖ್ಯಾನಕಾರ ಅರ್ಥ ಬಿಡಿಸಿ, ನೆರೆದವರೆಲ್ಲ ಕೂಡಿ ಕೇಳುತ್ತಿದ್ದ ಕಾವ್ಯಪರಂಪರೆಯನ್ನು ಅಭ್ಯಸಿಸಿದ ನನ್ನಂಥವನಿಗೆ ಈ ಆಯ್ಕೆ ಸಣ್ಣ ಸಂಗತಿಯಲ್ಲ. ಕುಮಾರವ್ಯಾಸನ ಗಮಕವಾಚನ ಈಗ ಫೋನಿನಲ್ಲೇ ದೊರೆಯುತ್ತದೆ. ಥಾಣೆಯಿಂದ ದಾದರಿಗೆ ಹೋಗುವವನು ಜನಜಂಗುಳಿಯ ನಡುವೆ ನಿಂತೇ ಅದನ್ನು ಕೇಳಬಲ್ಲ. ಆದರೆ ಅರ್ಥವಾಗದ ಪದ ಬಂದಾಗ ಪಕ್ಕದವನನ್ನು ವಿಚಾರಿಸಲಾರ. ಪಕ್ಕದವನು ಕನ್ನಡಿಗನೋ ಅಲ್ಲವೋ ಎಂಬುದೂ ಅವನಿಗೆ ತಿಳಿಯದು. ಹೊರನಾಡಿನಲ್ಲಿ ಕನ್ನಡದ ಶ್ರೋತೃವರ್ಗವನ್ನು ಅಳೆಯಹೊರಟವರು ಸಂಘಗಳ ಸಭಾಂಗಣವನ್ನಷ್ಟೇ ನೋಡಿದರೆ ಇಂಥ ಕೇಳುಗ ಲೆಕ್ಕಕ್ಕೆ ಸಿಗುವುದಿಲ್ಲ. ಅವನನ್ನು ಬೋಗಿಯಲ್ಲಿಯೇ ಮಾತಾಡಿಸಬೇಕು, ಅದೂ ಇಯರ್‌ಫೋನ್ ತೆಗೆಯುವ ಸೌಜನ್ಯ ಅವನಿಗಿದ್ದಲ್ಲಿ.